ಗುಮ್ಮಟದಿಂದ ಗುಮ್ಮಟಕ್ಕೆ: ಕಲಬುರಗಿಯೊಳಗೆ ಒಂದು ಸುತ್ತು

ಕಲಬುರಗಿಗೆ ಬಂದವರು ಸಾಮಾನ್ಯವಾಗಿ ಮೂರು ಕಡೆ ಹೋಗುತ್ತಾರೆ. ಶರಣಬಸವೇಶ್ವರರ ಗುಡಿ, ಬಂದೇನವಾಜ ದರ್ಗಾ, ಬುದ್ಧ ವಿಹಾರ. ಆಮೇಲೆ ಗಾಣಗಾಪುರದ ಬಸ್ಸು ಹತ್ತುತ್ತಾರೆ. ಮೂರೂ ನೋಡಲೇಬೇಕಾದ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಊರು 1347ರಲ್ಲಿ ಬಹಮನಿ ರಾಜ್ಯದ ಜೊತೆಗೇ ರಾಜಧಾನಿಯಾಯಿತು. ಮುಕ್ಕಾಲು ಶತಮಾನ ದಖ್ಖನ್ನಿನ ದೊಡ್ಡ ಭಾಗವನ್ನು ಇಲ್ಲಿಂದಲೇ ಆಳಿದರು. ಆ ಕಾಲದ ಕಟ್ಟಡಗಳು ಈಗಲೂ ಮನೆ, ಗ್ಯಾರೇಜು, ಕಿರಾಣಿ ಅಂಗಡಿಗಳ ನಡುವೆ ನಿಂತಿವೆ. ಅವುಗಳನ್ನು ನೋಡುವುದಕ್ಕೆಂದೇ ಬರುವವರು ಕಡಿಮೆ.

ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬಹಮನಿಗಳ ಪಾಠ ನಮ್ಮಲ್ಲಿ ಬೇಗ ಮುಗಿದುಹೋಗುತ್ತದೆ. ಮಕ್ಕಳಿಗೆ ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಹೆಸರು, ಬೀದರಿನ ಮದ್ರಸಾ ನೆನಪಿರುತ್ತದೆ. ಅದಕ್ಕಿಂತ ಮುಂಚಿನ ಕಲಬುರಗಿ ನೆನಪಿರುವುದಿಲ್ಲ. ಅಕ್ಕನ ಮಗಳು ಇಲ್ಲೇ ಕಾಲೇಜು ಓದುತ್ತಿದ್ದಾಳೆ. ಡಿಸೆಂಬರ್ ಕೊನೆಗೆ ರಜೆ ಹಾಕಿ ಹೊರಟೆ. ಈ ಊರಿಗೆ ಬರಬೇಕಾದರೆ ಚಳಿಗಾಲವೇ ಸರಿ. ಮಾರ್ಚ್ ದಾಟಿತೆಂದರೆ ಹಗಲು ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ.

ಒಂದು ಲೆಕ್ಕಾಚಾರ ಮಾಡಿಕೊಂಡಿದ್ದೆ. ಹತ್ತಿರ ಯಾವುದು, ದೂರ ಯಾವುದು ಅಂತ ನೋಡದೆ, ಆದಷ್ಟು ಕಟ್ಟಿದ ಕ್ರಮದಲ್ಲೇ ನೋಡಬೇಕು. ಮೊದಲ ಸುಲ್ತಾನನಿಂದ ಶುರು ಮಾಡಿ, ಇಲ್ಲಿ ಮಣ್ಣಾದ ಕೊನೆಯ ಸುಲ್ತಾನನವರೆಗೆ.

ಶುಕ್ರವಾರ

ಬೆಳಿಗ್ಗೆ ರೈಲು ಇಳಿದೆ. ಹುಡುಗಿ ಸ್ಟೇಷನ್ನಿಗೇ ಬಂದಿದ್ದಳು. "ಚಿಕ್ಕಮ್ಮ, ಮೊದಲು ಸುಸಲಾ ತಿನ್ನೋಣ" ಅಂದಳು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಪಕ್ಕಕ್ಕೆ ಬಿಸಿ ಮಿರ್ಚಿ ಭಜಿ. ಚಳಿಗೆ ಹೇಳಿ ಮಾಡಿಸಿದ ತಿಂಡಿ.

ಮಧ್ಯಾಹ್ನದ ಮೇಲೆ ಕೋಟೆಯ ಹೊರಗಿರುವ ಹಳೆಯ ಗೋರಿಗಳನ್ನು ಹುಡುಕಿಕೊಂಡು ಹೋದೆವು. ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಬಹಮನ್ ಶಾಹನ ಗೋರಿ ಅಲ್ಲಿದೆ. 1358ರಲ್ಲಿ ತೀರಿಕೊಂಡ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಖ್ಖನ್ನಿನ ಅಮೀರರು ಎದ್ದಾಗ ಸಿಂಹಾಸನ ಏರಿದವನು ಇವನು. ಆಟೋದವರಿಗೆ ಹೆಸರು ಹೇಳಿದರೆ ಗೊತ್ತಾಗಲಿಲ್ಲ. ಒಂದು ಪಾನ್ ಡಬ್ಬಿಯ ಮುಂದೆ ಕೂತಿದ್ದ ಹಿರಿಯರು ದಾರಿ ತೋರಿಸಿದರು. "ಹಳೀ ಗುಮ್ಮಟ ಏನ್ರಿ? ಹಿಂಗ ನೆಟ್ಟಗ ಹೋಗ್ರಿ, ಕಾಣ್ತದ."

ಕಂಡಿತು. ಚೌಕದ ಕಟ್ಟಡ, ಮೇಲೆ ತಗ್ಗಾದ ಗುಮ್ಮಟ. ಗೋಡೆಗಳು ನೇರ ನಿಂತಿಲ್ಲ, ಮೇಲೆ ಹೋದಂತೆ ಒಳಕ್ಕೆ ವಾಲಿವೆ. ಅಲಂಕಾರ ಅನ್ನುವುದು ಬಹಳ ಕಡಿಮೆ. ತುಘಲಕರ ದೆಹಲಿಯಲ್ಲಿ ಕಟ್ಟುತ್ತಿದ್ದದ್ದೇ ಹೀಗೆ. ಆ ಊರಿನಿಂದ ಸಿಡಿದು ಬಂದು ಹೊಸ ರಾಜ್ಯ ಕಟ್ಟಿದರೂ ಗೋರಿ ಮಾತ್ರ ಆ ಊರಿನದೇ ರೀತಿ! ನನಗೆ ಅದನ್ನು ನೋಡಿ ಬಹಳ ಹೊತ್ತು ಯೋಚನೆ ಬಂತು. ರಾಜ ಬದಲಾದ ಮಾತ್ರಕ್ಕೆ ಕಟ್ಟುವವನ ಕೈ ಬದಲಾಗುವುದಿಲ್ಲ. ಅದಕ್ಕೆ ಎಷ್ಟು ವರ್ಷ ಬೇಕು? ಈ ಪ್ರಶ್ನೆ ಹಿಡಿದುಕೊಂಡೇ ಉಳಿದ ದಿನ ತಿರುಗಿದೆ.

ಅವನ ಮಗ ಒಂದನೇ ಮಹಮ್ಮದ್ ಶಾಹನ ಗೋರಿಯೂ ಇದೇ ನಮೂನೆಯದು. ಅವನು ತೀರಿಕೊಂಡದ್ದು 1375ರಲ್ಲಿ. ಹದಿನೇಳು ವರ್ಷ ಕಳೆದರೂ ಅದೇ ವಾಲಿದ ಗೋಡೆ, ಅದೇ ತಗ್ಗು ಗುಮ್ಮಟ.

ಸಂಜೆ ಸೂಪರ್ ಮಾರ್ಕೆಟ್ ಕಡೆ ಹೋದೆವು. ತೊಗರಿ ಬೇಳೆ ಕೊಳ್ಳಬೇಕಿತ್ತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಡಿಸೆಂಬರ್, ಜನವರಿ ಹೊಸ ತೊಗರಿ ಬರುವ ಕಾಲ, ಅದಕ್ಕೇ ಗಂಜ್, ಅಂದರೆ ಧಾನ್ಯದ ಮಾರುಕಟ್ಟೆಯ ಕಡೆ ಹೋಗುವ ಲಾರಿಗಳಿಗೆ ಲೆಕ್ಕವೇ ಇಲ್ಲ. ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪುಂಡಿ ಪಲ್ಯದ ಹುಳಿ ನಮ್ಮ ಕಡೆಯವರಿಗೆ ಹೊಸದು. ನಾನು ಎರಡು ಸಲ ಹಾಕಿಸಿಕೊಂಡೆ.

ಶನಿವಾರ

ಕೋಟೆಗೆ ಬೆಳಿಗ್ಗೆಯೇ ಹೋಗಬೇಕು. ಸುತ್ತ ಅಗಲವಾದ ಕಂದಕ, ಜೋಡಿ ಗೋಡೆ, ದಪ್ಪ ಬುರುಜುಗಳು. ಒಳಗೆ ಕಾಲಿಟ್ಟ ಕೂಡಲೇ ಬಾಲಾ ಹಿಸಾರ್ ಎದುರಾಗುತ್ತದೆ. ಕಿಟಕಿ, ಬಾಗಿಲು ಹೆಚ್ಚಿಲ್ಲದ ದೊಡ್ಡ ಕಲ್ಲಿನ ಗಡ್ಡೆ ಅದು. ಶತ್ರು ಕೋಟೆಯೊಳಗೆ ನುಗ್ಗಿದರೂ ಕೊನೆಯ ಹೋರಾಟಕ್ಕೆ ಇರಲಿ ಅಂತ ಕಟ್ಟಿದ್ದು. ಸುಮಾರು 29 ಅಡಿ ಉದ್ದದ ಬಾರಾ ಗಜ್ ತೋಪು ಇರುವುದೂ ಈ ಕೋಟೆಯಲ್ಲೇ. ಹುಡುಗರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನನಗೆ ಬೇಕಾಗಿದ್ದದ್ದು ಜಾಮಿ ಮಸೀದಿ. ಕರ್ನಾಟಕದಲ್ಲಿ ನೋಡಲೇಬೇಕಾದ ಕಟ್ಟಡಗಳ ಪಟ್ಟಿ ಮಾಡು ಅಂದರೆ ನಾನು ಇದನ್ನು ಮೊದಲ ಐದರಲ್ಲಿ ಇಡುತ್ತೇನೆ. 1367ರದು. ಕಟ್ಟಿಸಿದ್ದು ಅದೇ ಒಂದನೇ ಮಹಮ್ಮದ್ ಶಾಹನ ಕಾಲದಲ್ಲಿ. ಕಟ್ಟಿದವನ ಹೆಸರೂ ಶಾಸನದಲ್ಲಿ ಉಳಿದಿದೆ: ರಫಿ. ಇರಾನಿನ ಕಜ್ವೀನ್ ಊರಿನವನು.

ಮಸೀದಿ ಅಂದರೆ ನಮ್ಮ ಕಣ್ಣಿಗೆ ಬರುವುದು ನಡುವೆ ತೆರೆದ ಅಂಗಳ, ಒಂದು ಬದಿಗೆ ನಮಾಜಿನ ಹಜಾರ, ಮಿನಾರು. ಇಲ್ಲಿ ಅಂಗಳವೂ ಇಲ್ಲ, ಮಿನಾರೂ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಚಾವಣಿ ಹಾಕಿಬಿಟ್ಟಿದ್ದಾನೆ ರಫಿ. ಪಶ್ಚಿಮಕ್ಕೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಉಳಿದ ಕಡೆಯೆಲ್ಲ ಸಾಲುಸಾಲು ಚಿಕ್ಕ ಗುಮ್ಮಟಗಳು. ಹಾಗಾದರೆ ಒಳಗೆ ಕತ್ತಲೆ ಇರಬೇಕಲ್ವಾ? ಇಲ್ಲ. ಬದಿಯ ಕಮಾನುಗಳಿಂದ ಬೆಳಕು ಅಡ್ಡಡ್ಡ ಬಂದು ನೆಲದ ಮೇಲೆ ಬೀಳುತ್ತದೆ. ಹೊರಗೆ ಎಷ್ಟು ಬಿಸಿಲಿದ್ದರೂ ಒಳಗೆ ನೆರಳು, ಗಾಳಿ. ಈ ಬಿಸಿಲಿನ ನಾಡಿಗೆ ಅಂಗಳಕ್ಕಿಂತ ಇದೇ ಸರಿ ಅಂತ ನನಗಂತೂ ಅನ್ನಿಸಿತು.

ಬದಿಯ ಓಣಿಯ ಕಮಾನುಗಳನ್ನು ಮಾತ್ರ ನಿಧಾನವಾಗಿ ನೋಡಬೇಕು. ಕಂಬಗಳು ಗಿಡ್ಡ, ಕಮಾನು ವಿಪರೀತ ಅಗಲ. ನೆಲದಿಂದ ಸ್ವಲ್ಪವೇ ಮೇಲೆ ಶುರುವಾಗಿ, ದೊಡ್ಡದಾಗಿ ಬಾಗಿ, ಆ ಕಡೆ ಇಳಿಯುತ್ತದೆ. ಒಂದು ತುದಿಯಲ್ಲಿ ನಿಂತರೆ ಕಮಾನಿನ ಒಳಗೆ ಕಮಾನು, ಅದರೊಳಗೆ ಇನ್ನೊಂದು. ಹುಡುಗಿ ಎರಡು ವರ್ಷದಿಂದ ಈ ಊರಿನಲ್ಲಿದ್ದಾಳೆ, ಇಲ್ಲಿಗೆ ಬಂದಿರಲಿಲ್ಲ. ಮೊಬೈಲ್ ತೆಗೆಯುವುದನ್ನೂ ಮರೆತು ನಿಂತಳು. ಆಮೇಲೆ ಕೇಳಿದಳು, "ಇದು ಯಾಕೆ ಚಿಕ್ಕಮ್ಮ ಯಾರಿಗೂ ಗೊತ್ತಿಲ್ಲ?" ಗೋಳಗುಮ್ಮಟದ ಚಿತ್ರ ಪ್ರತಿ ಪಠ್ಯಪುಸ್ತಕದಲ್ಲೂ ಇರುತ್ತದೆ. ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದಾದ ಇದರ ಚಿತ್ರವೂ ಇರಬೇಕು. ಇದನ್ನು ನಾನು ಟೀಚರಾಗಿಯೇ ಹೇಳುತ್ತಿದ್ದೇನೆ.

ಕೋಟೆಯಿಂದ ಉತ್ತರಕ್ಕೆ ಶಾಹ್ ಬಜಾರ್ ಮಸೀದಿ ಇದೆ. ಅದೂ ಹೆಚ್ಚುಕಡಿಮೆ ಅದೇ ಕಾಲದ್ದು. ಅಲ್ಲಿ ಅಂಗಳ ಇದೆ, ದೆಹಲಿಯ ರೀತಿಯೇ. ಒಂದೇ ದಿನ ಎರಡನ್ನೂ ನೋಡಿದರೆ ರಫಿ ಎಷ್ಟು ಬೇರೆಯಾಗಿ ಯೋಚಿಸಿದ ಅನ್ನುವುದು ತಾನಾಗಿ ತಿಳಿಯುತ್ತದೆ. ಇಲ್ಲಿ ಜನ ನಮಾಜಿಗೆ ಬಂದು ಹೋಗುತ್ತಿದ್ದರು. ಹೊರಗಿನಿಂದ ನೋಡಿ ಹೊರಟೆವು.

ನಾಲ್ಕು ಗಂಟೆಗೆ ಶೇಖ್ ರೋಜಾ. ಊರಿನವರಿಗೆ ಇದು ಒಂದು ಬಡಾವಣೆಯ ಹೆಸರು. ಆ ಹೆಸರು ಬಂದದ್ದು ಶೇಖ್ ಸಿರಾಜುದ್ದೀನ್ ಜುನೈದಿ ಅವರ ದರ್ಗಾದಿಂದ. ಮೊದಲ ಬಹಮನಿ ಸುಲ್ತಾನರಿಗೆ ಇವರೇ ಗುರುಗಳು. ಸೂಫಿ ಸಂತ ಬಂದೇನವಾಜರು ದೆಹಲಿಯಿಂದ ಈ ಊರಿಗೆ ಬರುವ ಹೊತ್ತಿಗೆ ಇವರು ತೀರಿಕೊಂಡು ಬಹಳ ವರ್ಷವಾಗಿತ್ತು. ದರ್ಗಾದ ಹೆಬ್ಬಾಗಿಲಿಗೆ ಎರಡು ಎತ್ತರದ ದುಂಡು ಮಿನಾರುಗಳಿವೆ. ಅದನ್ನು ವಿಜಯಪುರದ ಯೂಸುಫ್ ಆದಿಲ್ ಶಾಹ ಕಟ್ಟಿಸಿದ ಅನ್ನುತ್ತಾರೆ. ಒಳಗೆ ಅಷ್ಟು ಜನ ಇರಲಿಲ್ಲ. ಒಬ್ಬ ತಾಯಿ ಮಗುವಿಗೆ ಊದಿಸಿಕೊಂಡು ಹೋಗಲು ಬಂದಿದ್ದರು. ನಮ್ಮನ್ನು ನೋಡಿ, "ಕುಂಡ್ರಿ ಅಕ್ಕೋರ, ಯಾಕ ನಿಂತೀರಿ" ಅಂತ ಜಾಗ ಬಿಟ್ಟರು. ಕೂತೆವು.

ಭಾನುವಾರ

ಹಫ್ತ್ ಗುಂಬಜ್. ಏಳು ಗುಮ್ಮಟಗಳ ಜಾಗ. ಊರಿನ ಪೂರ್ವಕ್ಕೆ, ಬಂದೇನವಾಜ ದರ್ಗಾಕ್ಕೆ ಹತ್ತಿರ. ದರ್ಗಾಕ್ಕೆ ದಿನಾ ಎಷ್ಟೋ ಜನ ಬರುತ್ತಾರೆ. ಇಲ್ಲಿ ಆ ಬೆಳಿಗ್ಗೆ ನಾವು, ವಾಕಿಂಗ್ ಬಂದ ಕೆಲವರು, ಕ್ರಿಕೆಟ್ ಆಡುವ ಹುಡುಗರು, ಇಷ್ಟೇ.

ಇಲ್ಲಿ ಅವಸರ ಮಾಡಬಾರದು. ಶುಕ್ರವಾರ ಹಿಡಿದುಕೊಂಡು ಹೊರಟ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲು ಮುಜಾಹಿದ್ ಶಾಹನ ಗೋರಿ ನೋಡಿ. 1378. ಇನ್ನೂ ಅದೇ ವಾಲಿದ ಗೋಡೆಗಳು. ಆಮೇಲೆ ದಾವೂದ್ ಶಾಹ. ಅದೇ ವರ್ಷ, 1378. ಮುಜಾಹಿದನನ್ನು ಕೊಲ್ಲಿಸಿ ಪಟ್ಟಕ್ಕೆ ಬಂದವನು, ತಿಂಗಳೊಪ್ಪತ್ತಿನಲ್ಲಿ ತಾನೂ ಕೊಲೆಯಾದ. ಇವನದು ಜೋಡಿ ಗೋರಿ, ಒಂದಕ್ಕೊಂದು ಅಂಟಿಕೊಂಡ ಎರಡು ಗುಮ್ಮಟ. ಆಮೇಲೆ ಘಿಯಾಸುದ್ದೀನ್, 1397. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಒಳಗೆ ಹೋಗಿ ಪಶ್ಚಿಮ ಗೋಡೆಯ ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರಿಸುವ ಗೂಡು, ನೋಡಿ. ಕೆತ್ತನೆಯಲ್ಲಿ ನಮ್ಮ ಗುಡಿಗಳ ಕೈ ಕಾಣಿಸಿಕೊಳ್ಳುತ್ತದೆ. ಕಟ್ಟಡಗಳನ್ನು ಅಭ್ಯಾಸ ಮಾಡಿದ ಜಾನ್ ಮಾರ್ಷಲ್ ಕೂಡ ಸ್ಥಳೀಯ ಪ್ರಭಾವ ಶುರುವಾಗುವುದನ್ನು ಇಲ್ಲೇ ಗುರುತಿಸಿದ್ದು.

ಕೊನೆಗೆ ಫಿರೋಜ್ ಶಾಹನ ಗೋರಿ. 1422. ಉಳಿದವೆಲ್ಲ ಇದರ ಪಕ್ಕ ಚಿಕ್ಕವಾಗಿ ಕಾಣುತ್ತವೆ. ಜೋಡಿ ಗುಮ್ಮಟ, ಹೊರಗೋಡೆಗೆ ಎರಡು ಅಂತಸ್ತಿನ ಕಮಾನುಗಳು, ಮೇಲಿನವುಗಳಿಗೆ ಕಲ್ಲಿನ ಜಾಲರಿ. ಬಾಗಿಲ ಹತ್ತಿರ ಬನ್ನಿ. ಕರಿಕಲ್ಲಿನ ಕೆತ್ತಿದ ಕಂಬಗಳು. ಮೇಲೆ ಚಾಚಿದ ಛಜ್ಜಾ, ಅದನ್ನು ಹೊತ್ತ ಬೋದಿಗೆಗಳು. ಚಾಲುಕ್ಯರ ಕಾಲದ ಗುಡಿ ನೋಡಿದ ಯಾರಿಗಾದರೂ ಇದು ಪರಿಚಯದ ಕೆಲಸ. ಒಳಗೆ ಗುಮ್ಮಟದ ಕೆಳಗೆಲ್ಲ ಗಾರೆಯ ಹೂಬಳ್ಳಿ, ಚಕ್ರ, ಅಕ್ಷರ.

ಅರವತ್ತು ಚಿಲ್ಲರೆ ವರ್ಷ ಬೇಕಾಯಿತು. 1358ರ ಗೋರಿ ದೆಹಲಿಯದು. 1422ರ ಗೋರಿ ಕಲಬುರಗಿಯದು. ಈ ನಡುವೆ ಇಲ್ಲಿಯ ಕಲ್ಲುಕುಟಿಗರು ಮತ್ತು ಹೊರಗಿನಿಂದ ಬಂದ ಮೇಸ್ತ್ರಿಗಳು ಒಂದೇ ಕಟ್ಟೆಯ ಮೇಲೆ ಕೂತು ಕೆಲಸ ಮಾಡಿದ್ದಾರೆ. ರಫಿಯಂತೆ ಅವರೆಲ್ಲರ ಹೆಸರು ಶಾಸನದಲ್ಲಿ ಬರದಿದ್ದರೂ ಕೈ ಕಾಣುತ್ತದೆ. ಇದಕ್ಕಿಂತ ಚೆನ್ನಾಗಿ ಇತಿಹಾಸ ಕಲಿಸುವ ಜಾಗ ನನಗೆ ಗೊತ್ತಿಲ್ಲ. ಮಕ್ಕಳನ್ನು ಇಲ್ಲಿ ಕರೆತಂದು, ಒಂದೊಂದೇ ಗೋರಿಯ ಮುಂದೆ ನಿಲ್ಲಿಸಿ, "ಏನು ಬದಲಾಗಿದೆ ಹೇಳಿ" ಅಂತ ಕೇಳಿದರೆ ಸಾಕು. ಪಾಠ ಅವರೇ ಮಾಡುತ್ತಾರೆ.

ಇನ್ನೊಂದು ವಿಷಯ. ಫಿರೋಜ್ ಮತ್ತು ಬಂದೇನವಾಜರು ತೀರಿಕೊಂಡದ್ದು ಒಂದೇ ವರ್ಷ, 1422ರಲ್ಲಿ. ಇಬ್ಬರ ನಡುವೆ ಮೊದಲು ಗೌರವ ಇತ್ತು, ಆಮೇಲೆ ಕೆಟ್ಟಿತು. ಗುರುಗಳು ಒಲಿದದ್ದು ಫಿರೋಜನ ತಮ್ಮ ಅಹ್ಮದನಿಗೆ. ಪಟ್ಟಕ್ಕೆ ಬಂದವನೂ ಅವನೇ. ಕೆಲವೇ ವರ್ಷದಲ್ಲಿ ಅವನು ರಾಜಧಾನಿಯನ್ನು ಬೀದರಿಗೆ ಒಯ್ದ. ಕಲಬುರಗಿಯ ಕಥೆ ಇಲ್ಲಿಗೆ ಮುಗಿಯಿತು ಅಂತ ಪುಸ್ತಕಗಳು ಮುಂದೆ ಹೋಗುತ್ತವೆ. ಆದರೆ ಗುರುಗಳು ಇಲ್ಲೇ ಉಳಿದರು. ದರ್ಗಾದಿಂದಾಗಿ ಊರೂ ಉಳಿಯಿತು.

ಮಧ್ಯಾಹ್ನ ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಇದಕ್ಕೆ ಬೇರೆ ಕಟ್ಟಡ ಕಟ್ಟಿಲ್ಲ, ಹಳೆಯ ಎರಡು ಗುಮ್ಮಟಗಳೇ ಮ್ಯೂಸಿಯಂ. ಸುತ್ತಮುತ್ತಲಿನ ಊರುಗಳಿಂದ ತಂದ ಶಿಲ್ಪಗಳಿವೆ. ಚಿತ್ತಾಪುರ ತಾಲೂಕಿನ ಸನ್ನತಿಯ ಬೌದ್ಧ ಕಲ್ಲುಗಳನ್ನು ನೋಡಿದರೆ ಈ ಜಿಲ್ಲೆಯ ಕಥೆ ಬಹಮನಿಗಳಿಗಿಂತ ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಹೋಗುತ್ತದೆ. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕ ಕಲ್ಲೊಂದರ ಮೇಲೆ ರಾಜ ಮತ್ತು ರಾಣಿಯ ಚಿತ್ರ ಇದೆ, ಬ್ರಾಹ್ಮಿಯಲ್ಲಿ "ರಾಯ ಅಸೋಕ" ಅಂತ ಬರೆದಿದೆ. ಅದಕ್ಕೆ ಬೇರೆಯೇ ಒಂದು ಪ್ರವಾಸ ಬೇಕು.

ಬಿಸಿಲು ಇಳಿದ ಮೇಲೆ ಚೋರ್ ಗುಂಬಜ್. ಊರಿನ ಪಶ್ಚಿಮಕ್ಕೆ ದಿಬ್ಬದ ಮೇಲೆ ಒಂಟಿಯಾಗಿ ನಿಂತಿದೆ. ಕಳ್ಳರು ಅಡಗುತ್ತಿದ್ದರಂತೆ, ಅದಕ್ಕೆ ಆ ಹೆಸರಂತೆ. ಗೋರಿ ಯಾರದು ಅನ್ನುವುದಕ್ಕಿಂತ ಇಲ್ಲಿ ನಾಲ್ಕು ಮೂಲೆಯ ಪುಟ್ಟ ಗುಮ್ಮಟಗಳನ್ನು ನೋಡಬೇಕು. ದೊಡ್ಡ ಕಟ್ಟಡವನ್ನೇ ಚಿಕ್ಕದು ಮಾಡಿ ಮೂಲೆಗೆ ಇಟ್ಟ ಹಾಗಿದೆ. ಇಲ್ಲಿಂದ ಊರು ಚೆನ್ನಾಗಿ ಕಾಣುತ್ತದೆ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲೇ ಇಳಿದು ಬರುವುದು ಒಳ್ಳೆಯದು. ಸುತ್ತ ಜನ ಓಡಾಟ ಕಡಿಮೆ.

ಸೋಮವಾರ

ಫಿರೋಜ್ ಶಾಹನಿಗೆ ಒಂದು ಊರು ಸಾಲಲಿಲ್ಲ. 1400ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ, ಭೀಮಾ ನದಿಯ ದಂಡೆಯ ಮೇಲೆ, ತನ್ನದೇ ಹೆಸರಿನ ಇನ್ನೊಂದು ಊರು ಕಟ್ಟಿಸಿದ. ಫಿರೋಜಾಬಾದ್. ಊರು ಬಿಟ್ಟು ಜೇವರ್ಗಿ ಕಡೆ ಹೋಗುವಾಗ ಸಿಗುತ್ತದೆ, ಮೂವತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಬಾಡಿಗೆ ಕಾರು ಹೇಳಿದ್ದೆವು.

ಅವತ್ತು ಎಳ್ಳ ಅಮಾವಾಸ್ಯೆ. ಡ್ರೈವರ್ ಮೊದಲೇ ಹೇಳಿಬಿಟ್ಟರು. "ಮಧ್ಯಾಹ್ನ ನಾ ಹೊಲಕ್ಕ ಹೋಗ್ಬೇಕ್ರಿ ಅಕ್ಕಾ. ಇವತ್ತ ಹೋಗ್ಲಿಲ್ಲಂದ್ರ ಮನ್ಯಾಗ ಬಿಡಂಗಿಲ್ಲ." ದಾರಿಯುದ್ದಕ್ಕೂ ಟ್ರ್ಯಾಕ್ಟರು, ಎತ್ತಿನ ಗಾಡಿ, ಬೈಕುಗಳ ಮೇಲೆ ಬುತ್ತಿ ಗಂಟು ಹಿಡಿದ ಜನ. ಈ ಹಬ್ಬದ ದಿನ ಇಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಅದರ ನಡುವೆ ಐದು ಕಲ್ಲು ಇಟ್ಟು, ಪಾಂಡವರು ಅಂತ ಪೂಜೆ ಮಾಡಿ, ಹೊಲದ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ.

ಫಿರೋಜಾಬಾದಿನ ಗೋಡೆ ದೂರದಿಂದಲೇ ಕಾಣುತ್ತದೆ. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಭೀಮೆ. ಹೆಬ್ಬಾಗಿಲು ದಾಟಿ ಒಳಗೆ ಹೋದರೆ ಊರು ಇರಬೇಕಾದ ಜಾಗದಲ್ಲಿ ಹೊಲ. ತೊಗರಿ, ಜೋಳ, ಕಡಲೆ. ನಡುವೆ ಅಲ್ಲಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಎದ್ದು ನಿಂತಿವೆ. ಮಸೀದಿಗೆ ಗುಮ್ಮಟದ ಹೆಬ್ಬಾಗಿಲು ಉಳಿದಿದೆ, ಒಳಗಿನ ಅಂಗಳ ಬಹಳ ದೊಡ್ಡದು. ಅದರ ಹಿಂದೆ, ನದಿಯ ಕಡೆಗೆ ಅರಮನೆಯ ಭಾಗ. ಕಮಾನು ಚಾವಣಿಯ ಹಮಾಮ್ ಇದೆ. ದಖ್ಖನ್ನಿನಲ್ಲಿ ಉಳಿದಿರುವ ಹಳೆಯ ಸ್ನಾನಗೃಹಗಳಲ್ಲಿ ಇದೂ ಒಂದು. ಫಿರೋಜನ ಬಳಿಕ ಈ ಊರನ್ನು ಯಾರೂ ರಾಜಧಾನಿ ಮಾಡಿಕೊಳ್ಳಲಿಲ್ಲ. ಯಾರೂ ಒಡೆದು ಹೊಸದು ಕಟ್ಟಲಿಲ್ಲ. ಹಾಗಾಗಿ ಆರುನೂರು ವರ್ಷದ ಹಿಂದೆ ರಸ್ತೆ ಎಲ್ಲಿತ್ತು, ಮಸೀದಿ ಎಲ್ಲಿತ್ತು, ಅರಮನೆ ಎಲ್ಲಿತ್ತು ಅಂತ ನಡೆದುಕೊಂಡೇ ತಿಳಿಯಬಹುದು. ಹಂಪಿಯಲ್ಲಿ ನಾವು ಹೀಗೆಯೇ ಅಲ್ವಾ ತಿರುಗುವುದು? ಅದೇ ಹಂಪಿಯ ದೇವರಾಯನ ಮೇಲೆ ಯುದ್ಧಕ್ಕೆ ಹೋದವನೂ ಈ ಫಿರೋಜನೇ.

ಗಿಡಗಂಟಿ ಜಾಸ್ತಿ, ಮುಳ್ಳೂ ಇದೆ. ಬೂಟು ಹಾಕಿಕೊಂಡು ಹೋಗಿ. ಫಲಕ ಹುಡುಕಬೇಡಿ, ಹೊಲದವರನ್ನು ಕೇಳಿ.

ಕೇಳಿದ್ದಕ್ಕೇ ನಮಗೆ ಊಟ ಸಿಕ್ಕಿತು. ಹಮಾಮಿಗೆ ದಾರಿ ಯಾವುದು ಅಂತ ವಿಚಾರಿಸಿದೆ. ಜೋಳದ ನಡುವಿನಿಂದ ಅಜ್ಜಿಯೊಬ್ಬರು, "ಅದು ಎಲ್ಲಿಗೂ ಹೋಗಂಗಿಲ್ಲವ್ವ. ಮೊದಲ ಉಣ್ಣು ಬಾ" ಅಂದರು. ಎಳ್ಳಮಾಸಿ ದಿನ ಹೊಲದ ಹತ್ತಿರ ಬಂದವರನ್ನು ಹಸಿದು ಕಳಿಸುವ ಹಾಗಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಮತ್ತೆ ಭಜ್ಜಿ. ಭಜ್ಜಿ ಅಂದರೆ ಕರಿದದ್ದಲ್ಲ. ಹಸಿ ತೊಗರಿ, ಕಡಲೆ, ಅವರೆ, ಸೊಪ್ಪುಗಳು, ಎಲ್ಲ ಸೇರಿಸಿ ಕಡಲೆ ಹಿಟ್ಟಿನಲ್ಲಿ ಕುದಿಸಿದ ಪಲ್ಯ. ಫಿರೋಜ್ ಶಾಹನ ಗೋಡೆಯ ಒಳಗೆ, ಕರಿಮಣ್ಣಿನ ಮೇಲೆ ಚಾಪೆ ಹಾಸಿ ಹದಿನೈದು ಜನ ಕೂತು ಉಂಡೆವು. ಅವಸರದಲ್ಲಿದ್ದ ಡ್ರೈವರ್ ಕೂಡ ಇಲ್ಲೇ ಮೊದಲ ಪಂಕ್ತಿಗೆ ಕೂತರು.

ಅಜ್ಜಿಗೆ ಗೋಡೆ ಕಟ್ಟಿದವನ ಹೆಸರು ಗೊತ್ತಿತ್ತು. "ಫಿರೋಜ ಬಾದಶಾ. ನಮ್ಮ ಊರಿನವನ."

ಕಾರಿನಲ್ಲಿ ವಾಪಸ್ ಬರುವಾಗ ಹುಡುಗಿ ಮೊಬೈಲಿನಲ್ಲಿ ಹುಮನಾಬಾದ್ ರಸ್ತೆಯ ಹೊಳಕೊಂಡಾ ಹುಡುಕುತ್ತಿದ್ದಳು. ಅಲ್ಲೂ ಬಹಮನಿ ಕಾಲದ ಗೋರಿಗಳ ಗುಂಪು ಇದೆ ಅಂತ ನಾನೇ ಹೇಳಿದ್ದೆ. ಜನವರಿಯಲ್ಲೇ, ಬಿಸಿಲು ಶುರುವಾಗುವ ಮೊದಲು, ಕ್ಲಾಸಿನ ಗೆಳತಿಯರನ್ನು ಕರೆದುಕೊಂಡು ಹೋಗುತ್ತಾಳಂತೆ. ಬಸ್ಸು ಎಷ್ಟು ಹೊತ್ತಿಗಿದೆ ಅಂತ ಡ್ರೈವರನ್ನು ಕೇಳಿದಳು. "ಬಸ್ ಯಾಕ್ರಿ, ನಾ ಬರ್ತೀನಿ. ನಾನೂ ನೋಡಿಲ್ಲ" ಅಂದರು.